ರೊಕ್ಕದ ಬೆನ್ನು ಹತ್ತುವ ಆಟ: ಆರ್ಥಿಕ ಅಪರಾಧದ ತನಿಖೆಯನ್ನು ಕಲಿಸುವ ಒಂದು ದಾರಿ

ಕ್ರಿಪ್ಟೊ ಎಂಬ ಡಿಜಿಟಲ್ ನಾಣ್ಯಗಳ ವಹಿವಾಟು ದಾಖಲಾಗುವ ಬ್ಲಾಕ್‌ಚೈನ್ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಸರಿಯಾಗಿ ಉತ್ತರ ಬರೆಯಬಲ್ಲ ಅಧಿಕಾರಿಯೊಬ್ಬರು, ಹಣ ಕಳೆದುಕೊಂಡು ಗಾಬರಿಯಾದ ದೂರುದಾರರು ಎದುರಿಗೆ ಬಂದು ಕುಳಿತಾಗ ಮೊದಲ ಸಂದೇಶವನ್ನು ಯಾವ ಬ್ಯಾಂಕಿಗೆ ಕಳಿಸಬೇಕೆಂದು ತಿಳಿಯದೆ ಹತ್ತು ನಿಮಿಷ ಕಳೆದುಬಿಡಬಹುದು. ಇದು ಆ ಅಧಿಕಾರಿಯ ಬುದ್ಧಿಯ ಕೊರತೆಯಲ್ಲ. ಮಾಹಿತಿಯನ್ನು ಹೇಳಿಕೊಟ್ಟು, ನಿರ್ಧಾರವನ್ನು ಅಭ್ಯಾಸ ಮಾಡಿಸದೆ ಬಿಟ್ಟ ತರಬೇತಿಯ ಕೊರತೆ. ಧಾರವಾಡದ ಕಾಲೇಜೊಂದರಲ್ಲಿ ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಪರಿಶೋಧನೆ ಕಲಿಸುವ ನಾನು, ಪೊಲೀಸ್ ಮತ್ತು ಬ್ಯಾಂಕ್ ಸಿಬ್ಬಂದಿಯ ತರಬೇತಿಗಳಿಗೆ ಆಗಾಗ ಹೋಗುತ್ತಿರುತ್ತೇನೆ. ಹೊಸ ತಂತ್ರಜ್ಞಾನವನ್ನು ತನಿಖಾಧಿಕಾರಿಗಳಿಗೆ ಆಟದ ಮೂಲಕ ಕಲಿಸುವುದು ಉಳಿದೆಲ್ಲ ವಿಧಾನಗಳಿಗಿಂತ ಹೆಚ್ಚು ಉಪಯುಕ್ತವೆಂಬ ನಂಬಿಕೆ ನನ್ನಲ್ಲಿ ಬಲವಾಗಿದ್ದು, ಅದಕ್ಕೆ ಕಾರಣಗಳೇನೆಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ನಮ್ಮ ರಾಜ್ಯದಲ್ಲಿ ಇಂಥ ಪ್ರಕರಣಗಳು ಸಾಮಾನ್ಯವಾಗಿ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ ಬರುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ಆ ಕಾಯ್ದೆಯಡಿಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ನಡೆಸಬೇಕು. ಆದರೆ ಠಾಣೆಯ ನಿತ್ಯದ ಕೆಲಸದಲ್ಲಿ ದೂರುದಾರರ ಮೊಬೈಲ್ ತೆಗೆದು ನೋಡುವವರು, ವಹಿವಾಟಿನ ಸಂಖ್ಯೆ ಬರೆದುಕೊಳ್ಳುವವರು, ಬ್ಯಾಂಕಿನ ಉತ್ತರಕ್ಕಾಗಿ ಮತ್ತೆ ಮತ್ತೆ ಫೋನ್ ಮಾಡುವವರು ಹೆಡ್ ಕಾನ್‌ಸ್ಟೆಬಲ್‌ಗಳು ಮತ್ತು ಕಾನ್‌ಸ್ಟೆಬಲ್‌ಗಳು. ಅವರಲ್ಲಿ ಅನೇಕರು ನಿನ್ನೆಯವರೆಗೆ ಬಂದೋಬಸ್ತಿನಲ್ಲಿಯೋ ಸಂಚಾರ ಠಾಣೆಯಲ್ಲಿಯೋ ಇದ್ದವರು. ಅಂಥವರನ್ನು ಸಭಾಂಗಣದಲ್ಲಿ ಕೂರಿಸಿ, ಇಂಗ್ಲಿಷ್ ಅಕ್ಷರಗಳು ಕಿಕ್ಕಿರಿದ ಸ್ಲೈಡುಗಳನ್ನು ತೋರಿಸುತ್ತ, ಡೀಪ್‌ಫೇಕ್‌ನಿಂದ ಕ್ರಿಪ್ಟೊವರೆಗೆ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸುವ ಉಪನ್ಯಾಸದಿಂದ ಏನು ಉಳಿಯುತ್ತದೆ? ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಅಭ್ಯಾಸ ಮಾಡಿದವರಲ್ಲಿ ಕಲಿಕೆ ಹೆಚ್ಚು ದಿನ ನಿಲ್ಲುತ್ತದೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಆಟವೆಂದರೆ ಅಂಥ ಹೊರತೆಗೆಯುವಿಕೆಯೇ: ಪ್ರತಿ ಸರದಿಯಲ್ಲೂ ಗೊತ್ತಿರುವುದನ್ನು ಬಳಸಿ ಏನಾದರೊಂದನ್ನು ಮಾಡಲೇಬೇಕು.

ನಾನು ಆಡಿಸುವ ಆಟಕ್ಕೆ ಕಂಪ್ಯೂಟರ್ ಬೇಕಿಲ್ಲ. ದಪ್ಪ ಕಾಗದದ ಚೀಟಿಗಳು, ಒಂದು ಗೋಡೆ ಗಡಿಯಾರ, ನಾಲ್ಕು ಮೇಜು ಸಾಕು. ಮೊದಲ ಮೇಜಿನಲ್ಲಿ ತನಿಖಾ ತಂಡ, ಎರಡನೆಯದರಲ್ಲಿ ಪೊಲೀಸರ ಕೋರಿಕೆಗೆ ಉತ್ತರಿಸುವ ಬ್ಯಾಂಕುಗಳ ನೋಡಲ್ ಅಧಿಕಾರಿಗಳು, ಮೂರನೆಯದರಲ್ಲಿ ನಾಣ್ಯ ಕೊಳ್ಳುವ-ಮಾರುವ ವೇದಿಕೆಯಾದ ಕ್ರಿಪ್ಟೊ ಎಕ್ಸ್‌ಚೇಂಜಿನವರು, ನಾಲ್ಕನೆಯದರಲ್ಲಿ ಹಣ ಸಾಗಿಸುವ ವಂಚಕರು. ಹುಲಿ-ಕುರಿ ಆಟದಲ್ಲಿ ಎರಡು ಪಕ್ಷಗಳ ಬಲವೂ ನಡೆಯೂ ಬೇರೆಬೇರೆಯಾಗಿರುವಂತೆ ಇಲ್ಲಿಯೂ ವಂಚಕರಿಗೆ ವೇಗವಿದೆ, ತನಿಖೆಯವರಿಗೆ ಅಧಿಕಾರವಿದೆ. ಇಬ್ಬರ ನಿಯಮಗಳೂ ಒಂದೇ ಅಲ್ಲ. ಒಂದು ಸರದಿ ಎಂದರೆ ಪ್ರಕರಣದೊಳಗಿನ ಹತ್ತು ನಿಮಿಷ. ವಂಚಕರ ಮೇಜು ಪ್ರತಿ ಸರದಿಯಲ್ಲಿ ಹಣವನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ತನಿಖಾ ತಂಡಕ್ಕೆ ಒಂದು ಸರದಿಯಲ್ಲಿ ಎರಡೇ ಕೆಲಸ ಮಾಡಲು ಅವಕಾಶ. ಬ್ಯಾಂಕಿನ ಮೇಜು ಸರಿಯಾದ ವಿವರವಿಲ್ಲದ ಕೋರಿಕೆಯನ್ನು ಹಿಂದಿರುಗಿಸಬಹುದು, ಹಿಂದಿರುಗಿಸಲೇಬೇಕು. ಹಾಗೆ ಮರಳಿ ಬಂದ ಚೀಟಿಯನ್ನು ತಿದ್ದುವುದರಲ್ಲಿಯೇ ತನಿಖಾ ತಂಡದ ಒಂದು ಕೆಲಸ ಖರ್ಚಾಗುತ್ತದೆ.

ಆಟಕ್ಕಾಗಿ ಕಲ್ಪಿಸಿದ ಪ್ರಕರಣ ಹೀಗಿದೆ. ನವನಗರದಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿಯೊಬ್ಬರಿಗೆ ವಿಡಿಯೊ ಕರೆ ಬರುತ್ತದೆ; ಕರೆ ಮಾಡಿದವನು ಸಮವಸ್ತ್ರದಲ್ಲಿದ್ದಾನೆ; ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎನ್ನುತ್ತಾನೆ. ಪ್ರಧಾನಿಯವರು 2024ರ ಅಕ್ಟೋಬರ್ 27ರ ತಮ್ಮ ಬಾನುಲಿ ಭಾಷಣದಲ್ಲಿ ಇಂಥ ಬಂಧನ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಎಚ್ಚರಿಸಿದ್ದರು. ಆದರೂ ಭಯದಲ್ಲಿದ್ದ ಮನಸ್ಸಿಗೆ ಅದು ನೆನಪಾಗುವುದಿಲ್ಲ. ಶಿಕ್ಷಕಿ ಬೆಳಿಗ್ಗೆ 10.20ಕ್ಕೆ, ಹಣವನ್ನು ತಕ್ಷಣ ವರ್ಗಾಯಿಸುವ ಐಎಂಪಿಎಸ್ ಮೂಲಕ ₹5,00,000, 10.32ಕ್ಕೆ ಇನ್ನೊಂದು ಖಾತೆಗೆ ₹4,60,000 ಕಳಿಸುತ್ತಾರೆ. ಒಂದು ಸಲಕ್ಕೆ ಐದು ಲಕ್ಷವೆಂಬುದು ಐಎಂಪಿಎಸ್ ಮಿತಿಯಾದ್ದರಿಂದ ಎರಡು ಕಂತು. ಮಗ ಮನೆಗೆ ಬಂದು ಅವರನ್ನು ಠಾಣೆಗೆ ಕರೆತರುವಾಗ 11.30 ಆಗಿರುತ್ತದೆ. ಆಟ ಶುರುವಾಗುವುದು ಆಗ.

ಆ ಹೊತ್ತಿಗೆ ಮೊದಲ ಖಾತೆಯ ಐದು ಲಕ್ಷ ಮೂರು ಪಾಲಾಗಿದೆ: ₹2,00,000, ₹1,75,000, ₹1,24,000, ಒಂದು ಸಾವಿರ ಅಲ್ಲೇ ಉಳಿದಿದೆ. ಎರಡನೆಯ ಖಾತೆಯ ₹4,60,000 ಇನ್ನೂ ಕದಲಿಲ್ಲ, ಏಕೆಂದರೆ ಬೇರೊಬ್ಬರಿಂದ ಹಣ ಕೊಟ್ಟು ಪಡೆದ ಆ ಬಾಡಿಗೆ ಖಾತೆಯ ಆ ದಿನದ ವರ್ಗಾವಣೆ ಮಿತಿ ಮುಗಿದಿದ್ದು, ವಂಚಕರು ಚೆಕ್ ಬರೆದು ಶಾಖೆಗೆ ಆಳನ್ನು ಕಳಿಸಬೇಕಾಗಿದೆ. ಇದು ತನಿಖಾ ತಂಡಕ್ಕೆ ಗೊತ್ತಿಲ್ಲ. ಬಹುತೇಕ ತಂಡಗಳು ಮೊದಲ ಐದು ಲಕ್ಷದ ಹಿಂದೆ ಬೀಳುತ್ತವೆ. ಅದು ಕವಲೊಡೆಯುತ್ತದೆ, ಒಂದು ಕವಲು ಕ್ರಿಪ್ಟೊ ಕಡೆಗೆ ತಿರುಗುತ್ತದೆ, ಮೇಜಿನ ಮೇಲೆ ಬಾಣಗಳು ಬೆಳೆಯುತ್ತವೆ, ಎಲ್ಲರೂ ಬಾಗಿ ನೋಡುತ್ತಾರೆ. ಸುಮ್ಮನೆ ಕುಳಿತಿದ್ದ ನಾಲ್ಕು ಲಕ್ಷ ಅರವತ್ತು ಸಾವಿರವನ್ನು ಕೇಳುವವರಿಲ್ಲ; ನಾಲ್ಕನೆಯ ಸರದಿಯಲ್ಲಿ ಅದು ನಗದಾಗಿ ಹೊರಟುಹೋಗುತ್ತದೆ. ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಯಲ್ಲಿ ದೂರು ದಾಖಲಿಸುವಾಗಲೇ ಎರಡೂ ವಹಿವಾಟುಗಳ ಹನ್ನೆರಡಂಕಿಯ ಸಂಖ್ಯೆಗಳನ್ನು ಒಟ್ಟಿಗೆ ಕೊಟ್ಟ ತಂಡ ಮಾತ್ರ ಅದನ್ನು ಹೋಲ್ಡ್ ಮಾಡಿಸುತ್ತದೆ. 2021ರಲ್ಲಿ ಕೇಂದ್ರ ಗೃಹ ಸಚಿವಾಲಯ ಆರಂಭಿಸಿದ ಆ ವ್ಯವಸ್ಥೆಯ ಉದ್ದೇಶವೇ ಅದು: ದೂರಿನ ವಿವರ ಬ್ಯಾಂಕಿನಿಂದ ಬ್ಯಾಂಕಿಗೆ ಹಣದ ಹಿಂದೆಯೇ ಓಡಬೇಕು. ಗೋಲ್ಡನ್ ಅವರ್, ಅಂದರೆ ಹೋದ ಹಣವನ್ನು ತಡೆಯಲು ಸಾಧ್ಯವಿರುವ ಮೊದಲ ಹೊತ್ತು, ಎಂಬ ಮಾತನ್ನು ತರಬೇತಿಯಲ್ಲಿ ಎಲ್ಲರೂ ಕೇಳಿರುತ್ತಾರೆ. ಆದರೆ ಆ ಗಂಟೆಯೊಳಗೆ ಯಾವ ಕೆಲಸ ಮೊದಲು ಎಂಬುದು ಕೇಳಿ ತಿಳಿಯುವ ಸಂಗತಿಯಲ್ಲ. ಒಮ್ಮೆ ಆಟ ಮುಗಿದ ಮೇಲೆ ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು, "ಮೇಡಂರೀ, ಓಡೋ ರೊಕ್ಕದ ಹಿಂದ ನಾವೂ ಓಡಿದ್ವಿ, ಕುಂತ ರೊಕ್ಕ ನಮ್ಮ ಕಣ್ಣಿಗೇ ಬೀಳಲಿಲ್ಲ ನೋಡ್ರಿ," ಎಂದರು. ನನ್ನ ಉಪನ್ಯಾಸದ ಹತ್ತು ಸ್ಲೈಡುಗಳಿಂದ ಆಗದ ಕೆಲಸ ಅಲ್ಲಿ ಆಗಿತ್ತು.

ಇನ್ನು ₹1,24,000ದ ಕವಲು. ಅದು ಸಣ್ಣಸಣ್ಣ ಮೊತ್ತಗಳಾಗಿ ಚದುರುತ್ತದೆ, ಮತ್ತು ಅದರಲ್ಲಿ ₹450 ಹುಬ್ಬಳ್ಳಿಯ ದುರ್ಗದಬೈಲಿನ ಗಿರ್ಮಿಟ್ ಅಂಗಡಿಯೊಂದಕ್ಕೆ ಯುಪಿಐ ಮೂಲಕ ಹೋಗುತ್ತದೆ. ಖಾತೆಯನ್ನು ಬಾಡಿಗೆಗೆ ಕೊಟ್ಟ ಹುಡುಗ ಗೆಳೆಯರೊಡನೆ ತಿಂದುಹೋದ ಹಣವದು. ಉತ್ಸಾಹಿ ತಂಡವೊಂದು ಸರಪಳಿಯಲ್ಲಿ ಕಂಡ ಎಲ್ಲ ಖಾತೆಗಳನ್ನೂ ಪೂರ್ತಿ ಸ್ಥಗಿತಗೊಳಿಸುವಂತೆ ಚೀಟಿ ಬರೆಯುತ್ತದೆ. ಆಗ ನಾನು ಇನ್ನೊಂದು ಚೀಟಿ ಕೊಡುತ್ತೇನೆ: ಗಿರ್ಮಿಟ್ ಅಂಗಡಿಯವನು ಠಾಣೆಯ ಬಾಗಿಲಲ್ಲಿ ನಿಂತಿದ್ದಾನೆ, ಮಂಡಕ್ಕಿ ಕೊಟ್ಟವನಿಗೆ ಹಣ ಕೊಡಲಾಗುತ್ತಿಲ್ಲ, ಮಗಳ ಶಾಲೆಯ ಫೀ ಬಾಕಿಯಿದೆ, ಅವನಿಗೆ ಈಗ ಉತ್ತರ ಕೊಡಿ. ಈ ಚೀಟಿಯನ್ನು ಓದಿದಾಗ ಕೋಣೆಯ ಗದ್ದಲ ಇಳಿಯುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ. ವಿವಾದಕ್ಕೊಳಗಾದ ಮೊತ್ತಕ್ಕೆ ಮಾತ್ರ ತಡೆ ಸೀಮಿತವಾಗಿರಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದ್ದನ್ನು ಆ ಹೊತ್ತಿನಲ್ಲಿ ವಿವರಿಸಿದರೆ, ಅದು ಕಾನೂನಿನ ಉಲ್ಲೇಖವಾಗಿ ಉಳಿಯದೆ ಎದುರಿಗೆ ನಿಂತ ಮನುಷ್ಯನ ಸಂಗತಿಯಾಗುತ್ತದೆ. ಎಷ್ಟು ಖಾತೆ ಸ್ಥಗಿತಗೊಂಡವು ಎಂಬುದಕ್ಕೆ ಅಂಕ ಕೊಡುವ ಆಟವನ್ನು ಯಾರಾದರೂ ರೂಪಿಸಿದರೆ ಅದು ತರಬೇತಿಯ ಹೆಸರಿನಲ್ಲಿ ಅನ್ಯಾಯವನ್ನೇ ಕಲಿಸುತ್ತದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಲಕ್ಷದ ಕವಲಿನಲ್ಲಿ ಹೊಸ ತಂತ್ರಜ್ಞಾನ ಬರುತ್ತದೆ. ಬಾಡಿಗೆ ಖಾತೆಯಿಂದ ಆ ಹಣ, ಡಾಲರ್ ಬೆಲೆಗೆ ಕಟ್ಟಿಹಾಕಿದ ಯುಎಸ್‌ಡಿಟಿ ಎಂಬ ನಾಣ್ಯವನ್ನು ಪಿ2ಪಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರವಾಗಿ ನಡೆಯುವ ವ್ಯಾಪಾರದಲ್ಲಿ ಮಾರುವ ಒಬ್ಬ ವ್ಯಕ್ತಿಯ ಖಾತೆಗೆ ಹೋಗುತ್ತದೆ. ನಾಣ್ಯ ವಂಚಕರ ವಾಲೆಟ್‌ಗೆ, ಅಂದರೆ ಅವರ ಡಿಜಿಟಲ್ ಹಣದ ಚೀಲಕ್ಕೆ ಬರುತ್ತದೆ. ಅಲ್ಲಿಂದ ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಇನ್ನೊಂದು ವಾಲೆಟ್, ಮತ್ತೊಂದು ವಾಲೆಟ್, ಕೊನೆಗೆ ಗ್ರಾಹಕನೊಬ್ಬ ನಾಣ್ಯ ಜಮೆ ಮಾಡಲೆಂದು ಒಂದು ಎಕ್ಸ್‌ಚೇಂಜ್ ಕೊಟ್ಟ ಠೇವಣಿ ವಿಳಾಸ. ಇಲ್ಲಿಯವರೆಗಿನ ಜಾಡನ್ನು ಹಿಡಿಯುವುದು ಕಷ್ಟವಲ್ಲ. ಆ ಜಾಲದ ವಹಿವಾಟುಗಳೆಲ್ಲ ಸಾರ್ವಜನಿಕ, ಯಾರು ಬೇಕಾದರೂ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ತೆರೆದು ನೋಡಬಹುದು. ಕಷ್ಟವಿರುವುದು ಎಲ್ಲಿ ನಿಲ್ಲಬೇಕೆಂಬುದರಲ್ಲಿ. ಎಕ್ಸ್‌ಚೇಂಜ್‌ಗಳು ಗ್ರಾಹಕರ ಠೇವಣಿಗಳನ್ನು ಒಟ್ಟುಗೂಡಿಸಿ ತಮ್ಮ ದೊಡ್ಡ ವಾಲೆಟ್‌ಗೆ ಎಳೆದುಕೊಳ್ಳುತ್ತವೆ, ಮತ್ತು ಆ ವಾಲೆಟ್‌ನಿಂದ ಮುಂದೆ ಹೋಗುವ ಪಾವತಿಗಳು ಬೇರೆ ಬೇರೆ ಗ್ರಾಹಕರವು. ಇದನ್ನರಿಯದ ತಂಡ ಅಲ್ಲಿಂದಾಚೆಗೂ ಬಾಣ ಎಳೆಯುತ್ತ ಹೋಗಿ, ಈ ಅಪರಾಧಕ್ಕೆ ಏನೇನೂ ಸಂಬಂಧವಿಲ್ಲದ ಅಪರಿಚಿತರ ಪಟ್ಟಿಯನ್ನು ತಯಾರಿಸಿಬಿಡುತ್ತದೆ. ಒಂದು ಆಟದಲ್ಲಿ ಇನ್‌ಸ್ಪೆಕ್ಟರ್ ಒಬ್ಬರು ಹೀಗೆ ಏಳೆಂಟು ವಿಳಾಸಗಳನ್ನು ಬರೆದಾಗ, ಅವರದೇ ತಂಡದ ಕಿರಿಯ ಕಾನ್‌ಸ್ಟೆಬಲ್ ಸಂಕೋಚದಿಂದ, "ಸಾಹೇಬ್ರ, ಬ್ಯಾಂಕಿನ ತಿಜೋರಿಗೆ ಹೋದ ನೋಟು ಮುಂದ ಯಾರ ಕೈಗೆ ಹೋತು ಅಂತ ಹುಡುಕಿದ್ರ ಏನ್ ಸಿಗತೈತ್ರಿ? ಕಟ್ಟಿದವನ ಚಲನ್ ಕೇಳೂಣ್ರಿ," ಎಂದ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಅಲ್ಲಿ ನಿಂತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಎಕ್ಸ್‌ಚೇಂಜಿಗೆ ನೋಟಿಸ್ ಕೊಟ್ಟು, ಆ ಠೇವಣಿ ವಿಳಾಸ ಯಾವ ಗ್ರಾಹಕನದು, ಅವನ ಕೆವೈಸಿ ಏನು, ಯಾವ ಐಪಿ ವಿಳಾಸದಿಂದ ಪ್ರವೇಶಿಸಿದ್ದಾನೆ ಎಂದು ಕೇಳುವುದೇ ಸರಿಯಾದ ನಡೆ. 2023ರ ಮಾರ್ಚ್ 7ರ ಅಧಿಸೂಚನೆಯ ನಂತರ ಇಂಥ ಸೇವೆ ಕೊಡುವ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದು, ಗ್ರಾಹಕರ ಗುರುತಿನ ದಾಖಲೆ ಇಟ್ಟುಕೊಳ್ಳುವುದು ಅವುಗಳ ಹೊಣೆ. ನಾಣ್ಯ ಇನ್ನೂ ವಂಚಕನ ಸ್ವಂತ ವಾಲೆಟ್‌ನಲ್ಲಿಯೇ ಇದ್ದರೆ ಬೇರೊಂದು ದಾರಿಯಿದೆ: ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ತನ್ನ ನಾಣ್ಯವನ್ನು ನಿರ್ದಿಷ್ಟ ವಿಳಾಸದಲ್ಲಿ ತಡೆಹಿಡಿಯುವ ಸಾಮರ್ಥ್ಯವಿದೆ, ಕಾನೂನು ಪಾಲನಾ ಸಂಸ್ಥೆಗಳ ಕೋರಿಕೆಯ ಮೇಲೆ ಅದು ಹಾಗೆ ಮಾಡಿದ್ದೂ ಇದೆ. ಬಿಟ್‌ಕಾಯಿನ್‌ನಲ್ಲಿ ಹೀಗೆ ತಡೆಹಿಡಿಯಬಲ್ಲವರು ಯಾರೂ ಇಲ್ಲ.

ಬಿಟ್‌ಕಾಯಿನ್ ಬಗ್ಗೆ ಹೇಳುವಾಗ ನಾನು ಬಳಸುವ ಸಣ್ಣ ಅಭ್ಯಾಸವೊಂದಿದೆ. 0.5 ಬಿಟ್‌ಕಾಯಿನ್ ಇರುವ ಒಂದು ವಿಳಾಸದಿಂದ ಒಂದೇ ವಹಿವಾಟಿನಲ್ಲಿ ಎರಡು ವಿಳಾಸಗಳಿಗೆ ನಾಣ್ಯ ಹೋಗಿದೆ: ಒಂದಕ್ಕೆ 0.12, ಇನ್ನೊಂದಕ್ಕೆ 0.3799. ಮಿಕ್ಕ 0.0001 ಜಾಲದ ಶುಲ್ಕ. ಎರಡರಲ್ಲಿ ಯಾವುದು ನಿಜವಾದ ಪಾವತಿ, ಯಾವುದು ಕಳಿಸಿದವನಿಗೇ ಮರಳಿ ಬಂದ ಚಿಲ್ಲರೆ? ಮೊದಲು ಎಲ್ಲರೂ ದೊಡ್ಡ ಮೊತ್ತವನ್ನೇ ಪಾವತಿ ಎನ್ನುತ್ತಾರೆ. ಬಿಟ್‌ಕಾಯಿನ್‌ನಲ್ಲಿ ಹಿಂದೆ ಬಂದ ಒಂದು ಮೊತ್ತವನ್ನು ಪೂರ್ತಿಯಾಗಿಯೇ ಖರ್ಚು ಮಾಡಬೇಕು, ಉಳಿದದ್ದು ಬಹಳ ಸಲ ಹೊಸ ವಿಳಾಸವೊಂದಕ್ಕೆ ಹಿಂದಿರುಗುತ್ತದೆ ಎಂದು ತಿಳಿಸಿದ ಮೇಲೆ ಅವರು ಮತ್ತೆ ನೋಡುತ್ತಾರೆ. ಮನುಷ್ಯರು ಕೊಡುವ ಮೊತ್ತ ಸಾಮಾನ್ಯವಾಗಿ ದುಂಡಾಗಿರುತ್ತದೆ, ಆದ್ದರಿಂದ 0.12 ಪಾವತಿಯಾಗಿದ್ದು 0.3799 ಚಿಲ್ಲರೆಯಾಗಿರುವ ಸಂಭವವೇ ಹೆಚ್ಚು. ಸಂಭವ ಹೆಚ್ಚು ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಇದು ಊಹೆಯ ನಿಯಮ, ಪುರಾವೆಯಲ್ಲ. ಆಟದ ಮುಂದಿನ ಚೀಟಿಯೊಂದರಲ್ಲಿ ಇದೇ ನಿಯಮ ಸುಳ್ಳಾಗುವಂತೆ ಮಾಡಿದ್ದೇನೆ. ನಿಯಮ ಹೇಳಿಕೊಟ್ಟು ಅದರ ಮಿತಿಯನ್ನು ತೋರಿಸದಿದ್ದರೆ, ಕಲಿತವರು ನ್ಯಾಯಾಲಯದ ಪಾಟೀಸವಾಲಿನಲ್ಲಿ ಆ ಮಿತಿಯನ್ನು ಕಾಣಬೇಕಾಗುತ್ತದೆ.

ನ್ಯಾಯಾಲಯದ ವಿಷಯವನ್ನು ಆಟದಿಂದ ಹೊರಗಿಡುವುದು ದೊಡ್ಡ ಪ್ರಮಾದ. ಜಾಡು ಹಿಡಿಯುವುದು ರೋಚಕ, ಕಾಗದಪತ್ರ ನೀರಸ ಎಂಬ ಭಾವನೆ ತರಬೇತಿ ರೂಪಿಸುವವರಲ್ಲಿಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಡಿಜಿಟಲ್ ದಾಖಲೆಗೆ ಕೇಳುವ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ, ಎರಡನೆಯದನ್ನು ತಜ್ಞರು ತುಂಬಬೇಕು, ಮತ್ತು ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಬೆರಳಚ್ಚಿನಂತೆ ಅದನ್ನು ಗುರುತಿಸುವ, ಕಂಪ್ಯೂಟರ್ ಲೆಕ್ಕಹಾಕಿದ ಸಂಕೇತವನ್ನು ಅದರಲ್ಲಿ ನಮೂದಿಸಬೇಕು. ಹಾಗಾಗಿ ಆಟದ ಕೊನೆಯ ಹಂತದಲ್ಲಿ ತಂಡಗಳು ತಾವು ಸಂಗ್ರಹಿಸಿದ್ದನ್ನೆಲ್ಲ ವಕೀಲೆಯಾಗಿರುವ ನನ್ನ ಗೆಳತಿಯ ಮುಂದೆ ಇಡಬೇಕು. ಹ್ಯಾಶ್ ಇಲ್ಲದ ಸ್ಕ್ರೀನ್‌ಶಾಟ್, ದಿನಾಂಕವಿಲ್ಲದ ಎಕ್ಸ್‌ಪ್ಲೋರರ್ ಪುಟ, ಯಾರ ಮೊಬೈಲಿನಿಂದ ತೆಗೆದದ್ದೆಂದು ಬರೆಯದ ವಾಟ್ಸ್ಆ್ಯಪ್ ಸಂಭಾಷಣೆ ಇವನ್ನು ಅವರು ಒಂದೊಂದಾಗಿ ಬದಿಗೆ ಸರಿಸುತ್ತಾರೆ. ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುವುದನ್ನು ಅಲ್ಲಿಯೇ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇವೆ. ಅಧಿಕಾರಿಗಳು ತಮ್ಮ ಹೆಸರನ್ನು ಬರೆದು, ಒಂದು ಅಕ್ಷರ ತಿದ್ದಿ, ತಾವೇ ಪರೀಕ್ಷಿಸಿ ನೋಡುತ್ತಾರೆ.

ಆಟದಿಂದ ತನಿಖೆ ಕಲಿಸುವ ಯೋಚನೆ ಹೊಸದಲ್ಲ. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ 1940ರ ದಶಕದಲ್ಲಿ ಸಾವಿನ ಸ್ಥಳಗಳ ಪುಟ್ಟ ಮಾದರಿಗಳನ್ನು ಬೊಂಬೆಮನೆಯ ಹಾಗೆ ರಚಿಸಿದರು. ಒಂದು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿದ ಆ ಕೋಣೆಗಳಲ್ಲಿ ಕ್ಯಾಲೆಂಡರಿನ ಪುಟ, ಗೋಡೆಯ ಕಲೆ, ಕಿಟಕಿಯ ಚಿಲಕ ಎಲ್ಲವೂ ಇದ್ದವು. ಪೊಲೀಸರು ಅವುಗಳ ಮುಂದೆ ಕುಳಿತು, ನೋಡಿ, ವರದಿ ಒಪ್ಪಿಸಬೇಕಿತ್ತು. ಅವುಗಳಲ್ಲಿ 18 ಮಾದರಿಗಳು ಇಂದಿಗೂ ಬಾಲ್ಟಿಮೋರ್‌ನಲ್ಲಿ ತರಬೇತಿಗೆ ಬಳಕೆಯಾಗುತ್ತಿವೆ. ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದೆಂದರೆ ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್, ಬ್ರಿಟನ್ನಿನ ಶೆಫೀಲ್ಡ್ ಹ್ಯಾಲಂ ವಿಶ್ವವಿದ್ಯಾಲಯದ ಸೆಂಟ್ರಿಕ್ ಎಂಬ ಸಂಶೋಧನಾ ಕೇಂದ್ರದೊಡನೆ ಸೇರಿ 2019ರಲ್ಲಿ ಹೊರತಂದ ಕ್ರಿಪ್ಟೋಪೋಲ್ ಆಟ. ಕ್ರಿಪ್ಟೊ ಹಣದ ಜಾಡು ಹಿಡಿಯುವುದನ್ನು ಕಾನೂನು ಪಾಲನಾ ಸಿಬ್ಬಂದಿಗೆ ಆಟದ ಮೂಲಕ ಕಲಿಸಲೆಂದೇ ಅದನ್ನು ರೂಪಿಸಲಾಯಿತು. ನಮ್ಮ ದೇಶದಲ್ಲಿ ಪೊಲೀಸರಿಗಾಗಿ ಸೈಟ್ರೇನ್ ಎಂಬ ಆನ್‌ಲೈನ್ ಪಾಠಗಳ ವೇದಿಕೆಯಿದೆ, ಒಳ್ಳೆಯ ಕೆಲಸ. ಆದರೆ ಒಬ್ಬರೇ ಕುಳಿತು ಪಾಠ ನೋಡುವುದರಲ್ಲಿ, ಬ್ಯಾಂಕಿನವರು ಕೋರಿಕೆಯನ್ನು ತಿರಸ್ಕರಿಸಿದಾಗ ಏನು ಮಾಡಬೇಕೆಂಬ ಇಕ್ಕಟ್ಟು ಎದುರಾಗುವುದಿಲ್ಲ. ಆ ಇಕ್ಕಟ್ಟೇ ಕಲಿಕೆಯ ಜಾಗ.

ಆದ್ದರಿಂದಲೇ ನಾನು ಪೊಲೀಸರನ್ನು ಮಾತ್ರ ಕೂರಿಸಿ ಆಡಿಸಲು ಒಪ್ಪುವುದಿಲ್ಲ. ಬ್ಯಾಂಕ್ ಸಿಬ್ಬಂದಿ ಬರಲೇಬೇಕು, ಮತ್ತು ಪಾತ್ರಗಳು ಅದಲುಬದಲಾಗಬೇಕು. ಪಿಎಸ್‌ಐ ಒಬ್ಬರು ನೋಡಲ್ ಅಧಿಕಾರಿಯ ಕುರ್ಚಿಯಲ್ಲಿ ಕುಳಿತು, ಒಂದೇ ಸರದಿಯಲ್ಲಿ ಬಂದ ಅಷ್ಟೂ ಅಪೂರ್ಣ ಚೀಟಿಗಳನ್ನು ಕೈಯಲ್ಲಿ ಹಿಡಿದಾಗಲೇ ಬ್ಯಾಂಕಿನವರು ಏಕೆ ವಿವರ ಕೇಳುತ್ತಾರೆಂಬುದು ಅವರಿಗೆ ತಿಳಿಯುತ್ತದೆ. ವಂಚಕರ ಮೇಜಿನಲ್ಲಿ ಕುಳಿತ ಬ್ಯಾಂಕ್ ವ್ಯವಸ್ಥಾಪಕರಿಗೆ, ಹೊಸದಾಗಿ ತೆರೆದ ಉಳಿತಾಯ ಖಾತೆಯೊಂದು ಎಷ್ಟು ಸುಲಭವಾಗಿ ಬಾಡಿಗೆ ಖಾತೆಯಾಗುತ್ತದೆಂಬುದು ಕಾಣುತ್ತದೆ. ಇಂಥ ಖಾತೆಗಳನ್ನು ಯಂತ್ರಕಲಿಕೆಯಿಂದ ಗುರುತಿಸಲು ರಿಸರ್ವ್ ಬ್ಯಾಂಕಿನ ಇನ್ನೊವೇಶನ್ ಹಬ್ ಮ್ಯೂಲ್‌ಹಂಟರ್ ಎಂಬ ಸಾಧನವನ್ನು ಸಿದ್ಧಪಡಿಸಿದೆ. ಯಂತ್ರ ಎತ್ತಿ ತೋರಿಸಿದ ಖಾತೆಯ ಬಗ್ಗೆ ಮುಂದೇನು ಮಾಡಬೇಕೆಂದು ನಿರ್ಧರಿಸುವ ಕೆಲಸ ಮಾತ್ರ ಶಾಖೆಯ ಮನುಷ್ಯರದೇ.

ಗದಗ ಕಡೆಯ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡಿದವರು ಈ ಆಟದಲ್ಲಿ ಅಚ್ಚರಿಯೆನ್ನುವಷ್ಟು ಚುರುಕಾಗಿರುತ್ತಾರೆಂಬುದನ್ನು ಇಲ್ಲಿ ದಾಖಲಿಸಬೇಕು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲ ಅದು. ರೋಕಡಿ ಪುಸ್ತಕ ತಾಳೆಯಾಗದೆ ಸಂಜೆ ಮನೆಗೆ ಹೋಗದವರಿಗೆ ಹೊಸ ಶಬ್ದಗಳ ಭಯವಿರುವುದಿಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಲ್ಲಿ ಎಂದು ಕೇಳುತ್ತಾರೆ. ಮೊದಲ ಖಾತೆಯಲ್ಲಿ ಉಳಿದ ಒಂದು ಸಾವಿರ ರೂಪಾಯಿಯನ್ನು ಗುರುತಿಸಿ ಕೇಳಿದವರು ಅಂಥ ಒಬ್ಬ ಕಾರ್ಯದರ್ಶಿಯೇ. ತಂತ್ರಜ್ಞಾನ ಬಲ್ಲ ಯುವ ಕಾನ್‌ಸ್ಟೆಬಲ್ ಮತ್ತು ಲೆಕ್ಕ ಬಲ್ಲ ಹಿರಿಯ ಕಾರ್ಯದರ್ಶಿ ಒಂದೇ ತಂಡದಲ್ಲಿದ್ದರೆ ಅದನ್ನು ಸೋಲಿಸುವುದು ವಂಚಕರ ಮೇಜಿಗೆ ಬಹಳ ಕಷ್ಟ.

ಗೆದ್ದವರಿಗೆ ಬಹುಮಾನ ಕೊಡುವ ಸಲಹೆ ಬಂದಾಗಲೆಲ್ಲ ನಾನು ಬೇಡವೆಂದಿದ್ದೇನೆ. ಸ್ಪರ್ಧೆಯ ಹುರುಪು ಮೊದಲರ್ಧದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಕಲಿಕೆಯ ಹೆಚ್ಚಿನ ಪಾಲು ನಡೆಯುವುದು ಆಟ ಮುಗಿದ ಮೇಲಿನ ಮಾತುಕತೆಯಲ್ಲಿ. ಪ್ರತಿ ತಂಡ ತನ್ನ ನಡೆಗಳನ್ನು ಗಡಿಯಾರದ ಕ್ರಮದಲ್ಲಿ ಗೋಡೆಗೆ ಅಂಟಿಸಿ, ಆ ಹೊತ್ತಿನಲ್ಲಿ ತನಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ, ಏಕೆ ಹಾಗೆ ಮಾಡಿತು ಎಂದು ಹೇಳಬೇಕು. ಬಹುಮಾನದ ಆಸೆಯಿದ್ದರೆ ಜನ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳುತ್ತಾರೆ, ಬಿಡಿಸಿ ನೋಡುವುದಿಲ್ಲ. ಮೇಲಧಿಕಾರಿಗಳು ಕೋಣೆಯಲ್ಲಿದ್ದಾಗಲೂ ಅದೇ ತೊಂದರೆ ಬರುತ್ತದೆ; ಆದ್ದರಿಂದ ಅವರನ್ನೂ ಒಂದು ಮೇಜಿಗೆ ಹಾಕಿ ಆಡಿಸುವುದು ಉತ್ತಮ.

ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಐಐಟಿ ಮತ್ತು ಐಐಐಟಿಗಳೂ ಇದೇ ಊರಿನಲ್ಲಿವೆ, ಪೊಲೀಸ್ ಕಮಿಷನರೇಟ್ ಇರುವ ಅವಳಿ ನಗರವಿದು. ತನಿಖೆಯ ಆಟಗಳನ್ನು ಕನ್ನಡದಲ್ಲಿಯೇ ರೂಪಿಸಲು ಇದಕ್ಕಿಂತ ಅನುಕೂಲವಾದ ಸ್ಥಳ ರಾಜ್ಯದಲ್ಲಿ ಹೆಚ್ಚಿಲ್ಲ. ಕಾಗದದ ಚೀಟಿಯ ಮುಂದಿನ ಹಂತವೆಂದರೆ ಬೆಲೆಯಿಲ್ಲದ ನಾಣ್ಯಗಳು ಓಡಾಡುವ ಟೆಸ್ಟ್‌ನೆಟ್ ಜಾಲದಲ್ಲಿ ನಿಜವಾದ ವಹಿವಾಟುಗಳನ್ನು ಸೃಷ್ಟಿಸಿ, ಅವನ್ನು ಅಧಿಕಾರಿಗಳಿಂದಲೇ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿಸುವುದು. ಅದಕ್ಕೆ ಬೇಕಾದ ತಾಂತ್ರಿಕ ಕೆಲಸವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಯೋಜನೆಯಾಗಿ ಮಾಡಬಲ್ಲರು. ಸದ್ಯ ನಾನು ಹಾವೇರಿ ಜಿಲ್ಲೆಗಾಗಿ ಎರಡನೆಯ ಪ್ರಕರಣವೊಂದನ್ನು ಬರೆಯುತ್ತಿದ್ದೇನೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರಿಗೆ ಹೊರರಾಜ್ಯದ ಮಾರಾಟಗಾರನ ದನಿಯನ್ನೇ ಹೋಲುವ ಕೃತಕ ಧ್ವನಿಯಲ್ಲಿ ಕರೆ ಬರುತ್ತದೆ, ಬ್ಯಾಂಕ್ ಖಾತೆ ಬದಲಾಗಿದೆ ಎನ್ನುತ್ತದೆ, ಮುಂಗಡ ಬೇರೆಡೆ ಹೋಗುತ್ತದೆ. ಈ ಪ್ರಕರಣದಲ್ಲಿ ದೂರು ಬರುವುದು ಎರಡನೇ ಶನಿವಾರ, ಶಾಖೆ ಮುಚ್ಚಿರುವ ದಿನ. ಅಂದು ಕರೆ ಮಾಡಬೇಕಾದ ಸಂಖ್ಯೆಗಳ ಪಟ್ಟಿಯನ್ನು ತಂಡಗಳು ಆಟಕ್ಕೆ ಕೂರುವ ಮೊದಲೇ ತಮ್ಮ ಠಾಣೆಯಲ್ಲಿ ಸಿದ್ಧಪಡಿಸಿಕೊಂಡು ಬರಬೇಕೆಂಬುದು ಈ ಸಲದ ಮೊದಲ ನಿಯಮ.